130 = 130 ಬಂದರೆ ತಪ್ಪು ಎಲ್ಲಿ?

ಪ್ರಶ್ನೆ: ಮಗಳು ಎಸ್ಸೆಸ್ಸೆಲ್ಸಿ ಓದುತ್ತಿದ್ದಾಳೆ. ಮೂರು ನೋಟ್‌ಬುಕ್, ಒಂದು ಪೆನ್ನಿಗೆ 130 ರೂಪಾಯಿ. ಎರಡು ನೋಟ್‌ಬುಕ್, ಮೂರು ಪೆನ್ನಿಗೆ 110. ಒಂದೊಂದರ ಬೆಲೆ ಎಷ್ಟು? ಆದೇಶ ವಿಧಾನದಲ್ಲಿ (ಒಂದು ಅಕ್ಷರದ ಜಾಗದಲ್ಲಿ ಅದಕ್ಕೆ ಸಮನಾದದ್ದನ್ನು ಹಾಕಿ ಬಿಡಿಸುವುದು) ಮಾಡಿದರೆ ಅವಳಿಗೆ ಕೊನೆಗೆ 130 = 130 ಬರುತ್ತದೆ. ಯಾಕೆ ಸರ್?
– ಗೃಹಿಣಿಯೊಬ್ಬರು, ಹಾವೇರಿ

ಉತ್ತರ: ನೋಡಿ ಅಮ್ಮಾ, ಮಗಳ ಲೆಕ್ಕದಲ್ಲಿ ತಪ್ಪಿಲ್ಲ. ಹಾಕಿದ ಜಾಗ ತಪ್ಪಿದೆ. ನಾನು ಮೂವತ್ತು ವರ್ಷ ಹತ್ತನೇ ತರಗತಿಗೆ ಗಣಿತ ಹೇಳಿದವನು. ಪ್ರತಿ ವರ್ಷ ಇಬ್ಬರು ಮೂವರಾದರೂ ಇದೇ ಸಾಲು ಬರೆದುಕೊಂಡು ನನ್ನ ಮೇಜಿನ ಹತ್ತಿರ ಬರುತ್ತಿದ್ದರು.

ನೋಟ್‌ಬುಕ್ಕಿನ ಬೆಲೆ ‘ನ’, ಪೆನ್ನಿನ ಬೆಲೆ ‘ಪ’ ಅಂತ ಇಟ್ಟುಕೊಳ್ಳೋಣ. ಮೊದಲ ಸಮೀಕರಣ 3ನ + ಪ = 130. ಅದರಿಂದ ಪ = 130 – 3ನ. ಇಲ್ಲಿಯವರೆಗೆ ಸರಿ. ಆಮೇಲೆ ಅವಳು ಇದನ್ನು ಮತ್ತೆ ಮೊದಲ ಸಮೀಕರಣಕ್ಕೇ ಹಾಕಿದ್ದಾಳೆ. ಅಂಗಡಿಯ ಚೀಟಿಯನ್ನು ಅದೇ ಚೀಟಿಯ ಜೊತೆ ತಾಳೆ ನೋಡಿದ ಹಾಗಾಯಿತು. ಹೊಂದಲೇಬೇಕು, ಅಲ್ವಾ? ಹೊಸ ವಿಷಯ ಇರುವುದು ಎರಡನೇ ಚೀಟಿಯಲ್ಲಿ. ಅಲ್ಲಿ ‘ಪ’ ಇರುವ ಕಡೆ ಇದನ್ನು ಇಡಲಿ:

2ನ + 3(130 – 3ನ) = 110

ಇಲ್ಲಿ ಅವಸರ ಬೇಡ. ಆವರಣದೊಳಗಿನ ಎರಡನ್ನೂ 3ರಿಂದ ಗುಣಿಸಬೇಕು. ಮರೆತು 390 – 3ನ ಅಂತ ಬರೆದರೆ ಒಂದು ನೋಟ್‌ಬುಕ್ಕಿಗೆ 280 ರೂಪಾಯಿ ಆಗುತ್ತದೆ! ಸರಿಯಾದದ್ದು 390 – 9ನ. ಆಗ 7ನ = 280, ನ = 40, ಪ = 10. ಎರಡನೇ ಚೀಟಿಗೆ ತಾಳೆ ನೋಡಿ: 80 + 30 = 110.

ಮೊದಲ ಚೀಟಿಯಲ್ಲಿ ಪೆನ್ನು ಒಂದೇ ಇತ್ತು. ಹಾಗಾಗಿ ಭಿನ್ನರಾಶಿಯ ಕಾಟ ಬರಲಿಲ್ಲ. ಅಂಥ ಒಂಟಿ ಅಕ್ಷರ ಸಿಗದ ಲೆಕ್ಕಗಳೂ ಇವೆ. ನನಗೆ ತುಂಬಾ ಇಷ್ಟವಾದದ್ದು ನಮ್ಮ ಮಹಾವೀರಾಚಾರ್ಯರದು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದವರು, 9ನೇ ಶತಮಾನ. ‘ಗಣಿತಸಾರಸಂಗ್ರಹ’ದಲ್ಲಿ ಅವರು ಕೇಳುತ್ತಾರೆ: 9 ಮಾದಲ ಹಣ್ಣು, 7 ಬೇಲದ ಹಣ್ಣಿಗೆ 107, 7 ಮಾದಲ, 9 ಬೇಲಕ್ಕೆ 101. ಒಂದೊಂದರ ಬೆಲೆ ಎಷ್ಟು?

ನೇರವಾಗಿ ಆದೇಶಿಸಿದರೆ ಸುಮ್ನೆ ಒಂಬತ್ತರ ಭಿನ್ನರಾಶಿ ಎಳೆದಾಡಬೇಕು. ಮೊದಲು ಎರಡನ್ನೂ ಕೂಡಿಸಲಿ. 16 ಮಾದಲ, 16 ಬೇಲ, ಒಟ್ಟು 208. ಅಂದರೆ ಒಂದು ಮಾದಲ, ಒಂದು ಬೇಲ ಸೇರಿ 13. ಈಗ ಕಳೆಯಲಿ. 2 ಮಾದಲಕ್ಕೆ 2 ಬೇಲಕ್ಕಿಂತ 6 ಜಾಸ್ತಿ, ಒಂದಕ್ಕೆ 3 ಜಾಸ್ತಿ. ಈಗ ಆ 13ರ ಲೆಕ್ಕದಲ್ಲಿ ಮಾದಲದ ಜಾಗದಲ್ಲಿ ‘ಬೇಲ + 3’ ಇಡಲಿ. ಬೇಲಕ್ಕೆ 5, ಮಾದಲಕ್ಕೆ 8.