ಲೇಖನ ವಾಪಸ್ ಕಳಿಸುತ್ತಿದ್ದೇನೆ, ಕಾರಣ ಓದಿ

ಪ್ರಿಯ ಮಿತ್ರರೆ,

ನಮಸ್ಕಾರ. ‘ನಮ್ಮ ಹುಬ್ಬಳ್ಳಿ ಯಾಕೆ ಹಿಂದೆ ಬಿತ್ತು’ ಎಂಬ ನಿಮ್ಮ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಹಾಕಲು ಆಗುವುದಿಲ್ಲ. ಆದರೆ ನಿಮ್ಮನ್ನು ಕೈಬಿಡಲು ಮನಸ್ಸಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ರಾಜಕೀಯ ಬರೆದಿದ್ದೀರಿ: ಬೆಂಗಳೂರಿನವರು ನಮ್ಮನ್ನು ಕಡೆಗಣಿಸಿದರು, ಮಹದಾಯಿ ನೀರು ಬರಲಿಲ್ಲ. ಆಮೇಲೆ ಆರ್ಥಿಕ ಸ್ಥಿತಿ: ಕಾರ್ಖಾನೆ ಬರಲಿಲ್ಲ, ಹುಡುಗರು ಊರು ಬಿಟ್ಟರು. ಕೊನೆಗೆ ಕ್ರಿಕೆಟ್: 2025ರಲ್ಲಿ ಆರ್‌ಸಿಬಿ ಕಪ್ ಗೆದ್ದ ಸಂಭ್ರಮ ಒಂದು ಪುಟ, ನಮ್ಮ ಹುಬ್ಬಳ್ಳಿ ಟೈಗರ್ಸ್‌ಗೆ ನಾಲ್ಕು ಸಾಲು. ನಿಮ್ಮ ಸಿಟ್ಟು ನಿಜವಾದದ್ದು. ಆದರೆ ಹುಬ್ಬಳ್ಳಿಗೆ ಒಮ್ಮೆಯೂ ಬರದವರು ಕೂಡ ಈ ಲೇಖನ ಬರೆಯಬಹುದಿತ್ತು. ನಾಲ್ಕು ದಿನ ಟಿವಿ ಚರ್ಚೆ ನೋಡಿದರೆ ಇಷ್ಟು ಸಿಗುತ್ತದೆ. ನೀವು ತಾರಿಹಾಳದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಲೇತ್ (ಲೋಹ ಕಡೆಯುವ ಯಂತ್ರ) ಹಾಕಿಕೊಂಡು ವಾಲ್ವ್ ಕಂಪನಿಗಳಿಗೆ ಜಾಬ್ ವರ್ಕ್, ಅಂದರೆ ಅವರು ಹೇಳಿದ ಬಿಡಿಭಾಗದ ಕೆಲಸ, ಮಾಡುವವರು ಅನ್ನುವುದು ನನಗೆ ಗೊತ್ತಾಗಿದ್ದು ಲೇಖನದಿಂದಲ್ಲ, ಜೊತೆಗಿಟ್ಟ ಚೀಟಿಯಿಂದ.

ಇಡೀ ಲೇಖನದಲ್ಲಿ ನಾನು ಅಡಿಗೆರೆ ಎಳೆದದ್ದು ಒಂದು ವಾಕ್ಯಕ್ಕೆ. ‘ಬೆಳಗಾವಿಯಿಂದ ಕಾಸ್ಟಿಂಗ್ ಬರೋದು ಎರಡು ದಿನ ತಡ ಆದ್ರ ನಮ್ಮಲ್ಲಿ ಮೂರು ಮಷಿನ್ ಸುಮ್ನ ನಿಲ್ತಾವು, ಪಗಾರ ಮಾತ್ರ ನಿಲ್ಲಂಗಿಲ್ಲ.’ ಇದನ್ನು ಓದಿ ನಾನು ಎದ್ದು ಕೂತೆ. ಲೋಹ ಕರಗಿಸಿ ಕಾಸ್ಟಿಂಗ್ (ಎರಕ) ಹೊಯ್ಯುವ ಬೆಳಗಾವಿಯ ಫೌಂಡ್ರಿ, ಹುಬ್ಬಳ್ಳಿಯ ವಾಲ್ವ್ ಕೆಲಸ, ನಡುವಿನ ರಸ್ತೆ, ಶನಿವಾರದ ಪಗಾರ, ಎಲ್ಲ ಇದರಲ್ಲೇ ಇದೆ. ಹುಬ್ಬಳ್ಳಿಯಲ್ಲಿ ವಾಲ್ವ್ ತಯಾರಾಗುತ್ತದೆ ಅನ್ನುವುದೇ ರಾಜ್ಯದ ಬಹಳ ಮಂದಿಗೆ ಗೊತ್ತಿಲ್ಲ. ನೀವು ಅದನ್ನು ಒಂದು ಸಾಲಿನಲ್ಲಿ ಮುಗಿಸಿ, ‘ಸರ್ಕಾರ ಎಚ್ಚೆತ್ತುಕೊಳ್ಳಬೇಕು’ ಅಂತ ಮುಂದೆ ಹೋಗಿಬಿಟ್ಟಿರಿ.

ಅಲ್ಲೇ ನಿಲ್ಲಿ. ಲಾರಿಯಿಂದ ಕಾಸ್ಟಿಂಗ್ ಇಳಿಸುವವರು ಯಾರು? ಲೇತ್‌ಗೆ ಹಾಕಿದ ಮೇಲೆ ಒಳಗೆ ತೂತು ಕಾಣಿಸಿದರೆ ನಷ್ಟ ಯಾರ ತಲೆಗೆ, ಫೌಂಡ್ರಿಯವರಿಗಾ, ನಿಮಗಾ? ಕರೆಂಟ್ ಹೋದಾಗ ಅರ್ಧ ಕೊರೆದ ಜಾಬ್ ಏನಾಗುತ್ತದೆ? ಐಟಿಐ ಮುಗಿಸಿ ಬಂದ ಹುಡುಗ ನಿಮ್ಮಲ್ಲಿ ಕೆಲಸ ಕಲಿತು ಪುಣೆಗೋ ಬೆಂಗಳೂರಿಗೋ ಹೋದಾಗ, ಅಲ್ಲಿ ಅವನಿಗೆ ಎಷ್ಟು ಜಾಸ್ತಿ ಸಿಗುತ್ತದೆ? ಬಾಡಿಗೆ ಕಳೆದರೆ ಉಳಿಯುವುದೆಷ್ಟು?

ಬಿಲ್ಲಿನ ವಿಷಯವನ್ನಂತೂ ಬಿಡಲೇಬೇಡಿ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಸಣ್ಣ ಉದ್ಯಮದವರಿಗೆ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು. ತಡವಾದರೆ ಬಡ್ಡಿಯನ್ನೂ ಸೇರಿಸಿ ಕೊಡಬೇಕು. ನಿಮ್ಮ ಬಿಲ್ ಎಷ್ಟು ದಿನಕ್ಕೆ ಪಾಸಾಗುತ್ತದೆ? ಬಡ್ಡಿ ಕೇಳುವ ಧೈರ್ಯ ನಿಮ್ಮ ಏರಿಯಾದಲ್ಲಿ ಯಾರಿಗಿದೆ? ಕೇಳಿದರೆ ಮುಂದಿನ ಆರ್ಡರ್ ಸಿಗುತ್ತದಾ? ಇದು ನಿಮಗೆ ಗೊತ್ತು, ನನಗೆ ಗೊತ್ತಿಲ್ಲ. ನಮ್ಮ ಓದುಗರಿಗೂ ಗೊತ್ತಿಲ್ಲ.

ಇನ್ನು ರಾಜಕೀಯದ ಭಾಗ. ಇಲ್ಲಿ ಸ್ವಲ್ಪ ಖಾರವಾಗಿ ಹೇಳಬೇಕು. ‘ನಮ್ಮ ಭಾಗದವರು ಮುಖ್ಯಮಂತ್ರಿ ಆಗಿದ್ದರೆ ಈ ಗತಿ ಬರುತ್ತಿರಲಿಲ್ಲ’ ಎಂದು ಬರೆದಿದ್ದೀರಿ. ಆಗಿದ್ದಾರಲ್ಲ! 1988ರಲ್ಲಿ ಎಸ್‌.ಆರ್‌. ಬೊಮ್ಮಾಯಿ, 2012ರಲ್ಲಿ ಜಗದೀಶ ಶೆಟ್ಟರ್, 2021ರಲ್ಲಿ ಬಸವರಾಜ ಬೊಮ್ಮಾಯಿ. ಮೂವರಿಗೂ ಹುಬ್ಬಳ್ಳಿಯ ನಂಟು ಗಟ್ಟಿಯಾಗಿಯೇ ಇದೆ. ನಿಮ್ಮ ವಾದ ಉಳಿಯಬೇಕಾದರೆ ಈ ಮೂರು ಹೆಸರುಗಳನ್ನು ನೀವೇ ಎತ್ತಬೇಕು. ಅವರ ಕಾಲದಲ್ಲಿ ಏನಾಯಿತು, ಏನಾಗಲಿಲ್ಲ, ಅಧಿಕಾರ ಎಷ್ಟು ದಿನ ಉಳಿಯಿತು ಅಂತ ಬರೆಯಬೇಕು. ಇಲ್ಲದಿದ್ದರೆ ಲೇಖನ ಅಚ್ಚಾದ ಮರುದಿನವೇ ಓದುಗರು ಅದನ್ನು ಎತ್ತಿ ನಿಮ್ಮ ಮುಂದೆ ಇಡುತ್ತಾರೆ.

‘ಹುಬ್ಬಳ್ಳಿ–ಧಾರವಾಡಕ್ಕೆ ಏನೂ ಸಿಕ್ಕಿಲ್ಲ’ ಅನ್ನುವುದೂ ನಿಲ್ಲುವುದಿಲ್ಲ. ನೈರುತ್ಯ ರೈಲ್ವೆಯ ಕೇಂದ್ರ ಕಚೇರಿ 2003ರಲ್ಲಿ ಇಲ್ಲೇ ಶುರುವಾಯಿತು. ಧಾರವಾಡಕ್ಕೆ 2008ರಲ್ಲಿ ಹೈಕೋರ್ಟ್ ಪೀಠ ಬಂತು, 2016ರಲ್ಲಿ ಐಐಟಿ ಬಂತು. ಜಗತ್ತಿನಲ್ಲೇ ಉದ್ದದ್ದು ಎನ್ನುವ 1507 ಮೀಟರಿನ ಪ್ಲಾಟ್‌ಫಾರ್ಮ್ ನಮ್ಮ ಸ್ಟೇಷನ್ನಿನಲ್ಲಿದೆ. ಇಷ್ಟೆಲ್ಲ ಬಂದ ಮೇಲೂ ನಿಮ್ಮ ಲೇತ್ ಕಲಿತ ಹುಡುಗ ಅದೇ ಪ್ಲಾಟ್‌ಫಾರ್ಮಿನಲ್ಲಿ ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಯಾಕೆ ಹೋಗುತ್ತಾನೆ? ನೀವು ಕೇಳಬೇಕಾದ ಪ್ರಶ್ನೆ ಇದು. ‘ಏನೂ ಸಿಕ್ಕಿಲ್ಲ’ ಅನ್ನುವುದಕ್ಕಿಂತ ಇದು ಕಷ್ಟದ್ದು, ಹೆಚ್ಚು ಪ್ರಾಮಾಣಿಕವಾದದ್ದು.

ರಾಜ್ಯದ ಪ್ರಾದೇಶಿಕ ಅಸಮತೋಲನದ ಬಗ್ಗೆ ನಂಜುಂಡಪ್ಪ ಸಮಿತಿ ಕೊಟ್ಟ ವರದಿಯನ್ನು ಹೆಸರಿಗಷ್ಟೇ ತಂದಿದ್ದೀರಿ. ಒಳಗೆ ಇಳಿಯಿರಿ. 2002ರ ಆ ವರದಿ ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದಿತು. ಅವುಗಳಲ್ಲಿ 59 ಉತ್ತರದವು, 55 ದಕ್ಷಿಣದವು. ಇದನ್ನು ಮುಚ್ಚಿಟ್ಟು ‘ದಕ್ಷಿಣದವರೆಲ್ಲ ಉಂಡು ತೇಗಿದರು’ ಎಂದರೆ ಪಾವಗಡದ ಓದುಗರು ನಿಮ್ಮನ್ನು ನಂಬುವುದಿಲ್ಲ. ಆದರೆ ಅದೇ ವರದಿಯಲ್ಲಿ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಿವೆ. ಅವುಗಳಲ್ಲಿ 26 ನಮ್ಮ ಕಡೆಯವೇ. ನಿಮ್ಮ ವಾದಕ್ಕೆ ಬಲ ಇರುವುದು ಇಲ್ಲಿ. ಎರಡೂ ಲೆಕ್ಕ ಕೊಡಿ, ಸಿಟ್ಟು ತಾನಾಗೇ ಓದುಗರಿಗೆ ಬರುತ್ತದೆ.

ಮಹದಾಯಿಯಲ್ಲಿ ಒಂದು ತಪ್ಪಾಗಿದೆ. ನ್ಯಾಯಮಂಡಳಿ 2018ರಲ್ಲಿ ಕರ್ನಾಟಕಕ್ಕೆ ಕೊಟ್ಟದ್ದು 13.42 ಟಿಎಂಸಿ, ಸರಿ. ಆದರೆ ಅಷ್ಟೂ ನಮ್ಮ ನಳಕ್ಕೆ ಬರುವ ನೀರಲ್ಲ. ಕಳಸಾ ಹಳ್ಳದಿಂದ 1.72, ಬಂಡೂರಿ ಹಳ್ಳದಿಂದ 2.18, ಒಟ್ಟು 3.9 ಟಿಎಂಸಿ ಮಲಪ್ರಭೆಗೆ ತಿರುಗಿಸುವುದಕ್ಕೆ. ಮೊದಲು ಇದನ್ನು ತಿದ್ದಿ. ಆಮೇಲೆ ನಿಮ್ಮ ಓಣಿಗೆ ಎಷ್ಟು ದಿನಕ್ಕೊಮ್ಮೆ ನೀರು ಬಿಡುತ್ತಾರೆ, ರಾತ್ರಿ ಎಷ್ಟು ಗಂಟೆಗೆ ಬಿಡುತ್ತಾರೆ, ಮನೆಯಲ್ಲಿ ಯಾರು ಎದ್ದು ತುಂಬಿಸುತ್ತಾರೆ ಎಂದು ಬರೆಯಿರಿ. ಇದೇ ಊರಿನ ಕೆಲವು ವಾರ್ಡುಗಳಲ್ಲಿ 2008ರ ಹೊತ್ತಿಗೇ ದಿನದ 24 ಗಂಟೆ ನೀರು ಬರುತ್ತಿತ್ತು. ಪಕ್ಕದ ವಾರ್ಡಿಗೆ ಯಾಕೆ ಬರಲಿಲ್ಲ? ಇದಕ್ಕೆ ಗೋವಾದವರು ಹೊಣೆ ಅಲ್ಲ, ಅಲ್ವಾ?

‘ಮಲತಾಯಿ ಧೋರಣೆ’ ಐದು ಕಡೆ ಬಂದಿದೆ. ಎಲ್ಲ ಕಡೆ ತೆಗೆದೆ. ಶಾಸಕರೊಬ್ಬರ ಮನೆತನದ ಬಗ್ಗೆ ಬರೆದ ಪ್ಯಾರಾವನ್ನೂ ತೆಗೆದೆ, ಅದಕ್ಕೆ ವಿವರಣೆ ಬೇಡ ಅನ್ನಿಸುತ್ತದೆ.

ಕ್ರಿಕೆಟ್ ಭಾಗಕ್ಕೆ ಬಂದೆ. ಆರ್‌ಸಿಬಿ ಪುಟ ಬಿಟ್ಟುಬಿಡಿ. ಅದರ ಬಗ್ಗೆ ಎಲ್ಲರೂ ಬರೆದಾಗಿದೆ. ಟೈಗರ್ಸ್ ಬಗ್ಗೆ ನೀವು ಬರೆದ ನಾಲ್ಕು ಸಾಲು ಹೀಗಿವೆ: 2023ರಲ್ಲಿ ನಮ್ಮ ತಂಡ ರಾಜ್ಯದ ಟಿ20 ಟೂರ್ನಿಯಾದ ಮಹಾರಾಜ ಟ್ರೋಫಿ ಗೆದ್ದಿತು, ಫೈನಲ್‌ನಲ್ಲಿ ಮೈಸೂರು ವಾರಿಯರ್ಸ್ ಸೋತಿತು, ನಾಯಕ ಮನೀಷ್ ಪಾಂಡೆ, ಊರಿಗೆ ಹೆಮ್ಮೆ. ಎಲ್ಲ ಸರಿ. ಆದರೆ ಆ ಫೈನಲ್ ನಡೆದದ್ದು ಎಲ್ಲಿ? ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ. ಆ ವರ್ಷದ ಟೂರ್ನಿ ಪೂರ್ತಿ ಅಲ್ಲೇ ನಡೆಯಿತು. 2024ರದ್ದೂ ಅಲ್ಲೇ. 2025ರದ್ದು ಮೈಸೂರಿಗೆ ಹೋಯಿತು. ಹುಬ್ಬಳ್ಳಿ ಹೆಸರಿನ ತಂಡ ಕಪ್ ಗೆದ್ದದ್ದನ್ನು ಹುಬ್ಬಳ್ಳಿಯವರು ಮೊಬೈಲಿನಲ್ಲಿ ನೋಡಿದರು. ನಿಮ್ಮ ಮೂರೂ ಭಾಗಗಳನ್ನು ಕಟ್ಟುವ ದಾರ ಇಲ್ಲೇ ಇತ್ತು, ನಿಮ್ಮ ಕಣ್ಣಿಗೆ ಬೀಳಲಿಲ್ಲ.

ಹುಬ್ಬಳ್ಳಿಯ ರಾಜನಗರದಲ್ಲಿ ರಾಜ್ಯ ಕ್ರಿಕೆಟ್ ಸಂಸ್ಥೆಯ (ಕೆಎಸ್‌ಸಿಎ) ಮೈದಾನವಿದೆ. ರಣಜಿ ಪಂದ್ಯಗಳು ನಡೆದಿವೆ, ಹಿಂದೆ ಕೆಪಿಎಲ್ (ಕರ್ನಾಟಕ ಪ್ರೀಮಿಯರ್ ಲೀಗ್) ಪಂದ್ಯಗಳೂ ನಡೆದಿವೆ. ಗದಗಿನ ಸುನಿಲ್ ಜೋಶಿ ಹುಡುಗರಾಗಿದ್ದಾಗ ಅಭ್ಯಾಸಕ್ಕೆ ಹುಬ್ಬಳ್ಳಿಗೆ ಬಂದು ಹೋಗುತ್ತಿದ್ದರು. ಮುಂದೆ 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 10 ಓವರಿನಲ್ಲಿ 6 ರನ್ ಕೊಟ್ಟು 5 ವಿಕೆಟ್ ಕಿತ್ತರು. ಈಗ ಗದಗ, ಹಾವೇರಿಯಿಂದ ಕಿಟ್ ಹೊತ್ತು ಬೆಳಗಿನ ಬಸ್ಸಿಗೆ ಬರುವ ಹುಡುಗರು ಯಾರು? ಅವರ ಮನೆಯವರು ಕಿಟ್‌ಗೆ, ಬಸ್ಸಿಗೆ, ಕೋಚಿಂಗ್‌ಗೆ ತಿಂಗಳಿಗೆ ಎಷ್ಟು ಖರ್ಚು ಮಾಡುತ್ತಾರೆ? ನಿಮ್ಮ ವರ್ಕ್‌ಶಾಪಿನ ಹುಡುಗರು ಭಾನುವಾರ ನೆಹರೂ ಮೈದಾನದಲ್ಲಿ ಆಡುತ್ತಾರೆ ಎಂದು ಚೀಟಿಯಲ್ಲಿ ಬರೆದಿದ್ದೀರಿ. ಅವರಲ್ಲಿ ಯಾರಾದರೂ ಸೆಲೆಕ್ಷನ್‌ಗೆ ಹೋಗಿದ್ದಾರಾ? ಹೋಗಿ ಕೇಳಿ. ಅವರು ಹೇಳಿದ ಹಾಗೇ ಬರೆಯಿರಿ, ಭಾಷೆ ತಿದ್ದಬೇಡಿ.

ಈಗ ಕೆಲಸದ ಮಾತು. ಮೊದಲು ವರ್ಕ್‌ಶಾಪಿನ ಬರಹ ಕಳಿಸಿ. 800 ಪದ ಸಾಕು. ಕಾಸ್ಟಿಂಗ್ ಲಾರಿಯಿಂದ ಇಳಿಯುವಲ್ಲಿಂದ ಶುರು ಮಾಡಿ, ಬಿಲ್ ಹಣ ಕೈಗೆ ಬರುವಲ್ಲಿಗೆ ನಿಲ್ಲಿಸಿ. ಬಾಕಿ ಉಳಿಸಿಕೊಂಡ ಕಂಪನಿಯ ಹೆಸರು ಬೇಡ. ದಿನಗಳ ಲೆಕ್ಕ ಮಾತ್ರ ಬಿಲ್ ನೋಡಿಯೇ ಬರೆಯಿರಿ, ನೆನಪಿನಿಂದ ಬೇಡ. ನಾನು ಒಮ್ಮೆ ಅವನ್ನು ನೋಡಬೇಕಾಗುತ್ತದೆ. ಟೈಗರ್ಸ್ ಬರಹ ಬೇರೆಯೇ ಇರಲಿ. ಟೂರ್ನಿ ಆಗಸ್ಟಿನಲ್ಲಿ ಶುರುವಾಗುತ್ತದೆ, ಜುಲೈ ಕೊನೆಯೊಳಗೆ ಕೈ ಸೇರಿದರೆ ಅದೇ ಹೊತ್ತಿಗೆ ಹಾಕಬಹುದು. ನೀರಿನ ಬಗ್ಗೆ ಬರೆಯುವ ಮನಸ್ಸಿದ್ದರೆ ಮೊದಲು ಫೋನ್ ಮಾಡಿ. ನಿಮ್ಮ ವಾರ್ಡ್ ಯಾವುದು ಅಂತ ತಿಳಿದುಕೊಂಡು ಮಾತಾಡೋಣ.

ನಿಮ್ಮ
ಸಂಪಾದಕ