ಡೆವಿಲ್ಸ್ ಲೇಕ್ ಸ್ಟೇಟ್ ಪಾರ್ಕ್: ಮಂಡಿನೋವಿನ ಹಿರಿಯರೊಡನೆ ಒಂದು ದಿನ

ಶಿಕಾಗೋ ಸಮೀಪದ ಊರಿನಲ್ಲಿರುವ ನೀವು, ಜುಲೈನಲ್ಲಿ ಶಿವಮೊಗ್ಗದಿಂದ ಬರಲಿರುವ ತಂದೆತಾಯಿಯವರನ್ನೂ ಎಂಟು ವರ್ಷದ ಮಗಳನ್ನೂ ಕರೆದುಕೊಂಡು ವಿಸ್ಕಾನ್ಸಿನ್ ರಾಜ್ಯದ ಡೆವಿಲ್ಸ್ ಲೇಕ್ ಸ್ಟೇಟ್ ಪಾರ್ಕಿಗೆ ಒಂದೇ ದಿನದಲ್ಲಿ ಹೋಗಿಬರಬಹುದೇ, ಮಂಡಿನೋವಿರುವ ತಾಯಿಯವರಿಗೆ ಅಲ್ಲಿ ನೋಡಲು ಏನಾದರೂ ಇದೆಯೇ ಎಂದು ಕೇಳಿದ್ದೀರಿ. ನಾನು ಮ್ಯಾಡಿಸನ್‌ನಲ್ಲಿದ್ದೇನೆ, ಪಾರ್ಕು ನಮ್ಮ ಮನೆಯಿಂದ ಒಂದು ಗಂಟೆಯ ದಾರಿ, ಹಾಗಾಗಿ ಊರಿನಿಂದ ಬಂದವರನ್ನೆಲ್ಲ ಅಲ್ಲಿಗೆ ಕರೆದೊಯ್ಯುವುದು ನಮ್ಮ ಮನೆಯಲ್ಲಿ ರೂಢಿಯೇ ಆಗಿಬಿಟ್ಟಿದೆ. ಖಂಡಿತ ಹೋಗಿಬರಬಹುದು. ಆದರೆ ಬೆಟ್ಟ ಹತ್ತುವುದನ್ನೇ ದಿನದ ಮುಖ್ಯ ಕಾರ್ಯಕ್ರಮವೆಂದು ಇಟ್ಟುಕೊಳ್ಳಬೇಡಿ. ಆ ಸ್ಥಳದ ನಿಜವಾದ ಸೊಗಸು ಬೆಟ್ಟದ ಬುಡದಲ್ಲಿಯೇ ಇದೆ ಎಂಬುದು ನನ್ನ ಅಭಿಪ್ರಾಯ.

ಹೀಗೆ ಹೇಳಲು ಒಂದು ಕಾರಣವಿದೆ. ಮೊದಲ ಸಲ ನಮ್ಮ ಮಾವನವರನ್ನು ಕರೆದೊಯ್ದಾಗ, ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದವರಿಗೆ ಇದೇನು ಮಹಾ ಎಂದುಕೊಂಡು, ದಕ್ಷಿಣ ದಂಡೆಯ ಕಡೆಯಿಂದ ಬ್ಯಾಲೆನ್ಸ್ಡ್ ರಾಕ್ ಹಾದಿಯನ್ನು ಹಿಡಿದೆವು. ಹಾದಿ ಉದ್ದವಿಲ್ಲ, ಆದರೆ ತೀರ ಕಡಿದು. ಬಂಡೆಗಳನ್ನೇ ಮೆಟ್ಟಿಲಿನಂತೆ ಜೋಡಿಸಿರುವುದರಿಂದ ಒಂದು ಮೆಟ್ಟಿಲು ಗೇಣುದ್ದವಿದ್ದರೆ ಮುಂದಿನದು ಮೊಳದುದ್ದ, ಹಿಡಿದುಕೊಳ್ಳಲು ಕಂಬಿಯೂ ಇಲ್ಲ. ಮಾವನವರು ಹತ್ತಿದ್ದೇನೋ ಹತ್ತಿದರು. ಇಳಿಯುವಾಗ ಮಂಡಿ ಹಿಡಿದುಕೊಂಡು, ಕಡೆಯ ಭಾಗವನ್ನು ಕೂತುಕೂತೇ ಇಳಿಯಬೇಕಾಯಿತು. ತಪ್ಪು ನನ್ನದೇ, ಹಾದಿಯ ಉದ್ದವನ್ನಷ್ಟೇ ನೋಡಿದ್ದೆನೇ ಹೊರತು ಏರನ್ನು ನೋಡಿರಲಿಲ್ಲ.

ನಿಮ್ಮವರಿಗೆ ಹೊಂದುವುದು ಪಶ್ಚಿಮ ದಂಡೆಗುಂಟ ಹೋಗುವ ಟಂಬಲ್ಡ್ ರಾಕ್ಸ್ ಹಾದಿ. ಸುಮಾರು ಒಂದು ಮೈಲಿ ಉದ್ದದ ಈ ಹಾದಿ ಒಂದು ಪಕ್ಕ ನೀರು, ಇನ್ನೊಂದು ಪಕ್ಕ ಬೆಟ್ಟದಿಂದ ಉರುಳಿ ರಾಶಿ ಬಿದ್ದ ಬಂಡೆಗಳು, ಇವೆರಡರ ನಡುವೆ ಸಾಗುತ್ತದೆ. ಏರಿಳಿತ ಹೆಚ್ಚಿಲ್ಲ, ಆದರೆ ನೆಲ ಎಲ್ಲ ಕಡೆಯೂ ಸಮನಾಗಿಲ್ಲವಾದ್ದರಿಂದ ಗಾಲಿಕುರ್ಚಿ ಸಾಗದು. ತಾಯಿಯವರಿಗೆ ಒಂದು ಊರುಗೋಲು ಮತ್ತು ಗಟ್ಟಿ ಅಟ್ಟೆಯ ಬೂಟು ಇರಲಿ, ಚಪ್ಪಲಿ ಬೇಡ. ಪೂರ್ತಿ ಹೋಗಲೇಬೇಕೆಂದಿಲ್ಲ, ಬೇಕಾದಲ್ಲಿ ನಿಂತು ಹಿಂತಿರುಗಬಹುದು.

ಆ ಬಂಡೆಗಳ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿಸಿ ತೋರಿಸಿ. ನೇರಳೆ ಬೆರೆತ ಗುಲಾಬಿ ಬಣ್ಣದ ಈ ಕಲ್ಲು ಬರಾಬೂ ಕ್ವಾರ್ಟ್ಜೈಟ್. ಸುಮಾರು 160 ಕೋಟಿ ವರ್ಷಗಳಿಗೂ ಹಿಂದೆ ನೀರು ತಂದು ಹಾಸಿದ ಮರಳು, ಭೂಮಿಯೊಳಗಿನ ಒತ್ತಡಕ್ಕೂ ಕಾವಿಗೂ ಸಿಕ್ಕಿ ಹೀಗೆ ಗಟ್ಟಿಯಾಗಿದೆ. ಕೆಲವು ಬಂಡೆಗಳ ಮೈಮೇಲೆ, ಹೊಳೆಯಂಚಿನ ಮರಳಿನಲ್ಲಿ ಅಲೆಗಳು ಮೂಡಿಸುವ ಸುಕ್ಕುಗಳು ಇದ್ದ ಹಾಗೆಯೇ ಕಲ್ಲಾಗಿ ಉಳಿದಿವೆ. ನಮ್ಮ ಮಾವನವರು ಅದರ ಮೇಲೆ ಬೆರಳಾಡಿಸಿ, "ತುಂಗೆಯ ಮರಳು ಹೀಗೇ ಇರುತ್ತಿತ್ತಲ್ಲ" ಎಂದಿದ್ದರು. ನಿಮ್ಮವರೂ ತುಂಗೆಯ ಕಡೆಯವರೇ ಆದ್ದರಿಂದ ಇದನ್ನು ಬರೆದೆ. ಮಳೆ ಬಂದ ದಿನ ಮಾತ್ರ ಈ ಕಲ್ಲು ವಿಪರೀತ ಜಾರುತ್ತದೆ, ಅಂದು ಹಾದಿಯ ಗೊಡವೆಯೇ ಬೇಡ.

ಸರೋವರದ ಹುಟ್ಟೂ ಹೇಳಿದರೆ ಹಿರಿಯರಿಗೆ ರುಚಿಸುವಂಥದ್ದು. ಎರಡು ಬೆಟ್ಟಗಳ ನಡುವಿನ ಈ ಕಣಿವೆಯಲ್ಲಿ ಹಿಂದೆ ನದಿಯೊಂದು ಹರಿಯುತ್ತಿತ್ತು. ಕಡೆಯ ಹಿಮಯುಗದಲ್ಲಿ ಮುಂದೊತ್ತಿ ಬಂದ ಹಿಮನದಿ, ಕಣಿವೆಯ ಎರಡೂ ಬಾಯಿಗಳಲ್ಲಿ ಮಣ್ಣುಕಲ್ಲಿನ ದಿಬ್ಬ ಹಾಕಿ ಹಿಂದೆ ಸರಿಯಿತು. ಹೀಗೆ ಯಾರೂ ಕಟ್ಟದ ಎರಡು ಏರಿಗಳ ನಡುವೆ ನಿಂತ, ಕೋಡಿಯಿಲ್ಲದ, ಸುಮಾರು 360 ಎಕರೆಯ ಕೆರೆ ಇದು. ದಡದಿಂದ ಬೆಟ್ಟಗಳು 500 ಅಡಿಯಷ್ಟು ಮೇಲೇಳುತ್ತವೆ. ಹೆಸರು ಕೇಳಿ ತಾಯಿಯವರು ಹಿಂಜರಿದರೆ, ಇಲ್ಲಿನ ಮೂಲನಿವಾಸಿ ಹೋ-ಚಂಕ್ ಜನರು ಈ ಕೆರೆಗೆ ಇಟ್ಟ ಹೆಸರಿಗೆ ಪವಿತ್ರ ಸರೋವರವೆಂಬ ಅರ್ಥವಿದೆಯೆಂದೂ, ಆಮೇಲೆ ಬಂದ ಬಿಳಿಯರ ಬಾಯಲ್ಲಿ ದೇವರ ಕೆರೆ ದೆವ್ವದ ಕೆರೆಯಾಯಿತೆಂದೂ ಹೇಳಿ. ಪ್ರಾಣಿ, ಪಕ್ಷಿಗಳ ಆಕಾರದಲ್ಲಿ ಅವರ ಪೂರ್ವಿಕರು ಕಟ್ಟಿದ ಮಣ್ಣಿನ ದಿಬ್ಬಗಳು ದಡದ ಹತ್ತಿರ ಈಗಲೂ ಇವೆ. ಮಗಳಿಗೆ ತೋರಿಸಿ, ಮೇಲೆ ಹತ್ತಲು ಮಾತ್ರ ಬಿಡಬೇಡಿ.

ಇನ್ನು ವ್ಯವಸ್ಥೆಯ ವಿಷಯ. ಈ ಪಾರ್ಕು 1911ರಲ್ಲಿ ಆರಂಭವಾದದ್ದು, ರಾಜ್ಯದಲ್ಲಿಯೇ ಅತಿ ಹೆಚ್ಚು ಜನ ಬರುವ ಪಾರ್ಕು ಕೂಡ. ಬೇಸಿಗೆಯ ಶನಿವಾರ, ಭಾನುವಾರ ಕಾರು ನಿಲ್ಲಿಸಲು ಜಾಗ ಸಿಗುವುದೇ ಕಷ್ಟ. ಸಾಧ್ಯವಿದ್ದರೆ ಒಂದು ದಿನ ರಜೆ ಹಾಕಿ ವಾರದ ನಡುವೆ ಬನ್ನಿ. ಶಿಕಾಗೋ ಕಡೆಯಿಂದ ಮೂರರಿಂದ ಮೂರೂವರೆ ಗಂಟೆ ಹಿಡಿಯುತ್ತದೆ, ಬೆಳಗ್ಗೆ ಆರಕ್ಕೆ ಹೊರಟರೆ ಒಳ್ಳೆಯದು. ಪ್ರವೇಶಕ್ಕೆ ತಲೆಗಿಷ್ಟು ಎಂದಲ್ಲ, ಕಾರಿಗಿಷ್ಟು ಎಂದು ಶುಲ್ಕ. ಇಲಿನಾಯ್ ನಂಬರಿನ ಕಾರಿಗೆ ಅದು ಸ್ವಲ್ಪ ಹೆಚ್ಚು. ಉತ್ತರ ಮತ್ತು ದಕ್ಷಿಣ ದಂಡೆ ಎರಡರಲ್ಲಿಯೂ ಮರಳಿನ ದಡ, ಮೇಜುಬೆಂಚು, ಶೌಚಾಲಯ, ಬಾಡಿಗೆ ದೋಣಿ ಎಲ್ಲವೂ ಇವೆ. ಟಂಬಲ್ಡ್ ರಾಕ್ಸ್ ಹಾದಿ ಸಮೀಪವಾದ್ದರಿಂದ ನೀವು ಉತ್ತರ ದಂಡೆಗೆ ಹೋಗಿ. ನೆರಳಿನ ಮೇಜು ಹಿಡಿದು ಚಿತ್ರಾನ್ನ, ಮೊಸರನ್ನದ ಡಬ್ಬಿ ಬಿಚ್ಚಿದರೆ ಮಧ್ಯಾಹ್ನ ಸುಖವಾಗಿ ಕಳೆಯುತ್ತದೆ. ಪೆಟ್ರೋಲ್ ಎಂಜಿನ್ನಿನ ದೋಣಿಗಳಿಗೆ ಇಲ್ಲಿ ಅನುಮತಿಯಿಲ್ಲದ ಕಾರಣ ನೀರಿನ ಮೇಲೆ ಗದ್ದಲವಿರುವುದಿಲ್ಲ. ಆಗೊಮ್ಮೆ ಈಗೊಮ್ಮೆ ಪೂರ್ವ ದಂಡೆಯ ಹಳಿಯ ಮೇಲೆ ಹೋಗುವ ಗೂಡ್ಸ್ ರೈಲಿನ ಸದ್ದಷ್ಟೇ.

ಮಗಳು ನೀರಿಗಿಳಿಯುವುದಾದರೆ ದೊಡ್ಡವರೊಬ್ಬರು ಜೊತೆಯಲ್ಲಿಯೇ ಇರಬೇಕು, ಏಕೆಂದರೆ ಅಲ್ಲಿ ಕಾವಲಿಗೆ ಈಜುರಕ್ಷಕರಿಲ್ಲ. ಮೇಲೆ ಬಂದ ಕೂಡಲೇ ಟವೆಲಿನಿಂದ ಚೆನ್ನಾಗಿ ಉಜ್ಜಿ ಒರೆಸಿ; ಬೇಸಿಗೆಯಲ್ಲಿ ಆ ನೀರಿನ ಸೂಕ್ಷ್ಮ ಪರಾವಲಂಬಿಗಳಿಂದ ಕೆಲವರಿಗೆ ಮೈತುರಿಕೆಯ ದದ್ದು ಏಳುವುದುಂಟು, ನಮ್ಮ ಮಗನಿಗೆ ಒಮ್ಮೆ ಎದ್ದಿತ್ತು. ಬೆಟ್ಟದ ಮೇಲಿನ ನೋಟ ನಿಮಗೆ ಬೇಕೇ ಬೇಕೆನಿಸಿದರೆ, ಹಿರಿಯರನ್ನೂ ಮಗಳನ್ನೂ ದಡದಲ್ಲಿ ಮನೆಯವರೊಬ್ಬರ ಜೊತೆ ಬಿಟ್ಟು, ಪಶ್ಚಿಮ ಬೆಟ್ಟದ ಹಾದಿಯಲ್ಲಿ ನೀವೊಬ್ಬರೇ ಹೋಗಿಬನ್ನಿ. ಫೋನಿನ ಸಿಗ್ನಲ್ ನೆಚ್ಚಿಕೊಳ್ಳದೆ, ಇಷ್ಟು ಹೊತ್ತಿಗೆ ಇಂಥ ಕಡೆ ಸೇರೋಣ ಎಂದು ಮೊದಲೇ ಮಾತಾಡಿಕೊಂಡಿರಿ. ಜುಲೈನಲ್ಲಿ ರಾತ್ರಿ ಎಂಟೂವರೆಯವರೆಗೂ ಬೆಳಕಿರುವುದರಿಂದ ಅವಸರಪಡಬೇಕಾಗಿಲ್ಲ. ಕಾರು ಹತ್ತುವ ಮುನ್ನ ಎಲ್ಲರ ಪಾದ, ಮಂಡಿಯ ಹಿಂಭಾಗ, ತಾಯಿಯವರ ಸೀರೆಯ ಅಂಚು ಇವುಗಳನ್ನು ಒಮ್ಮೆ ನೋಡಿಬಿಡಿ. ಹುಲ್ಲಿನಲ್ಲಿ ರಕ್ತ ಹೀರುವ ಉಣ್ಣಿಗಳಿರುತ್ತವೆ, ಈ ಕಡೆಯ ಉಣ್ಣಿ ಕಚ್ಚಿದರೆ ಲೈಮ್ ಎಂಬ ಸೋಂಕು ಕಾಯಿಲೆ ಬರಬಹುದು.