ಅಪ್ಪನ ಕೈ ನಡುಗ್ತಿತ್ತು ಮೇಡಂ

ಕೆಲವು ವರ್ಷದಿಂದ ನನ್ನ ಹತ್ರ ಕರಿಯರ್ ಕೌನ್ಸೆಲಿಂಗ್‌ಗೆ ಅಂತ ಬರೋ ಸೈಕಾಲಜಿ ಓದೋ ಹುಡುಗ್ರ ಬಾಯಲ್ಲಿ ಒಂದು ಮಾತು ತಪ್ಪಲ್ಲ, "ನಂಗೆ ಕ್ರಿಮಿನಲ್ ಪ್ರೊಫೈಲರ್ ಆಗ್ಬೇಕು". ಅಂದ್ರೆ ಅಪರಾಧ ನಡೆದ ರೀತಿ ನೋಡಿ ಮಾಡಿದೋರು ಎಂಥೋರು ಅಂತ ಅಂದಾಜು ಮಾಡೋರು. ವೆಬ್ ಸೀರೀಸ್ ನೋಡಿ ತಲೆ ಕೆಡಿಸ್ಕೊಂಡಿದಾರೆ ಅಂತ ಮೊದಮೊದಲು ಒಳಗೊಳಗೇ ನಗ್ತಿದ್ದೆ. ಈ ಹುಡುಗಿ ಬಂದು ಹೋದ್ಮೇಲೆ ನಗೋದು ಬಿಟ್ಟೆ. ಅವಳ ಒಪ್ಪಿಗೆ ತಗೊಂಡೇ ಬರೀತಿದ್ದೀನಿ, ಊರು, ಓದು, ಮನೆ ವಿವರ ಎಲ್ಲ ಗುರುತು ಸಿಗದ ಹಾಗೆ ಬದಲಾಯಿಸಿದ್ದೀನಿ.

ಬಿ.ಎ. ಕೊನೇ ವರ್ಷ. ಮೊದಲನೇ ಸಲ ಅಮ್ಮನ ಜೊತೆ ಬಂದ್ಲು. ಅಮ್ಮಂಗೆ ಒಂದೇ ಚಿಂತೆ, "ಹೆಣ ಕೊಯ್ಯೋ ಕೆಲಸ ಹೆಣ್ಮಗು ಯಾಕ್ ಮಾಡ್ಬೇಕು ಹೇಳಿ ಮೇಡಂ". ಅದಲ್ಲಮ್ಮ, ಪೋಸ್ಟ್‌ಮಾರ್ಟಂ ಎಂಬಿಬಿಎಸ್ ಓದಿದ ಡಾಕ್ಟ್ರ ಕೆಲಸ, ಬೆಂಗಳೂರು ಮಡಿವಾಳದ ಎಫ್‌ಎಸ್‌ಎಲ್ ಅನ್ನೋ, ಅಪರಾಧದ ಸಾಕ್ಷ್ಯ ಪರೀಕ್ಷಿಸೋ ಲ್ಯಾಬಲ್ಲಿ ರಕ್ತ, ವಿಷ, ಡಿಎನ್‌ಎ, ಗುಂಡು ಎಲ್ಲ ನೋಡೋದು ಸೈನ್ಸ್ ಓದಿದೋರು, ನಿಮ್ಮ ಮಗಳು ಕೇಳ್ತಿರೋದು ಮೂರನೇದು, ಫೋರೆನ್ಸಿಕ್ ಸೈಕಾಲಜಿ, ಕೋರ್ಟು ಕೇಸಿಗೆ ಬೇಕಾದ ಮನಸ್ಸಿನ ಪರೀಕ್ಷೆ, ಅಂತ ಬಿಡಿಸಿ ಹೇಳಿದ್ಮೇಲೆ ಅವ್ರು ಉಸಿರು ಬಿಟ್ರು. ಮಗಳು ಅಷ್ಟೊತ್ತಿಗೆ ಮೂರು ತಿಂಗಳ ಆನ್‌ಲೈನ್ ಪ್ರೊಫೈಲಿಂಗ್ ಡಿಪ್ಲೊಮಾಗೆ 38 ಸಾವಿರ ಕಟ್ಟೋಕೆ ತಯಾರಾಗಿ ಕೂತಿದ್ಲು. ಮನೆ ಕಡೆ ವಿಷಯ ಏನಂದ್ರೆ ಅಪ್ಪ ಟ್ರೇಡಿಂಗ್ ಆಪಲ್ಲಿ ದುಡ್ಡು ಕಳ್ಕೊಂಡು ಸೈಟಿನ ಪತ್ರ ಅಡ ಇಟ್ಟಿದ್ರು, ಬ್ಯಾಂಕಿನೋರು ಬಾಗಿಲಿಗೆ ಬರೋವರ್ಗೂ ಮನೇಲಿ ಯಾರಿಗೂ ಗೊತ್ತಿರ್ಲಿಲ್ಲ. ಇದನ್ನ ಅಮ್ಮ ಎದ್ದು ಹೋಗೋ ಹೊತ್ತಿಗೆ, ಚಪ್ಪಲಿ ಹಾಕ್ಕೊಳ್ತಾ ಹೇಳಿದ್ದು.

ಎರಡನೇ ಸಲ ಹುಡುಗಿ ಒಬ್ಳೇ ಬಂದ್ಲು. ಆ ಡಿಪ್ಲೊಮಾ ತಗೊಂಡ್ರೆ ಕೆಲಸ ಸಿಗಲ್ಲ ಕಣಮ್ಮ ಅಂದೆ. "ನೀವು ಈಗ ಸುಳ್ಳು ಹೇಳಿದ್ರಿ ಮೇಡಂ, ಮಾತಾಡ್ತಾ ಮೂಗು ಮುಟ್ಕೊಂಡ್ರಿ" ಅಂದ್ಲು. ನಂಗೆ ಎರಡು ದಿನದಿಂದ ನೆಗಡಿ. ಅದನ್ನ ಹೇಳಿದ್ರೆ "ಎಲ್ಲರೂ ಏನೋ ಒಂದು ಕಾರಣ ಹೇಳ್ತಾರೆ" ಅಂದ್ಲು. ಆಮೇಲೆ ತಾನೇ ಶುರು ಮಾಡಿದ್ಲು, ರಾತ್ರಿಯೆಲ್ಲ ಬಾಡಿ ಲ್ಯಾಂಗ್ವೇಜ್ ವಿಡಿಯೋ ನೋಡಿ ಕಲಿತಿದಾಳಂತೆ, ಹೋದ ತಿಂಗಳು ಅಪ್ಪಂಗೆ ಕಾಫಿ ಕೊಟ್ಟು ಎದುರಿಗೇ ಕೂತು "ಇನ್ನೇನಾದ್ರೂ ಸಾಲ ಇದ್ಯಾ" ಅಂತ ಕೇಳಿದಾಳೆ, ಅವ್ರು ಇಲ್ಲ ಅಂದಿದಾರೆ, ಕೈ ನಡುಗಿ ಕಾಫಿ ಪಂಚೆ ಮೇಲೆ ಚೆಲ್ಲಿದೆ, ಅಷ್ಟೇ, ಅಮ್ಮನೂ ಮಗಳೂ ಸೇರಿ ಅವರ ಬೀರು ಪೂರ್ತಿ ಹುಡುಕಿದಾರೆ, ಏನೂ ಸಿಕ್ಕಿಲ್ಲ. ಅವತ್ತಿಂದ ಅಪ್ಪ ಊಟಕ್ಕೆ ಎಲ್ಲರ ಜೊತೆ ಕೂರಲ್ಲ.

ನನ್ನ ಡ್ರಾಯರಲ್ಲಿ ಕೋವಿಡ್ ಕಾಲದ ಪಲ್ಸ್ ಆಕ್ಸಿಮೀಟರ್ ಇತ್ತು. ತೆಗೆದು ಅವಳ ಬೆರಳಿಗೆ ಹಾಕಿದೆ. ನಿನ್ನೆ ಏನು ತಿಂಡಿ ತಿಂದೆ, ಯಾವ ಬಸ್ಸಿಗೆ ಬಂದೆ, ಹಿಂಗೇ ಕೇಳ್ತಾ ಹೋದೆ, ನಾಡಿ 80, 82. ಆಮೇಲೆ ಕೇಳಿದೆ, "ಬ್ಯಾಂಕಿನೋರು ಬರೋ ಮುಂಚೆ ಸಾಲದ ವಿಷಯ ನಿಂಗೆ ಗೊತ್ತಿತ್ತಾ?"

"ಇಲ್ಲ."

ಇಬ್ರೂ ಆ ಪುಟ್ಟ ಸ್ಕ್ರೀನನ್ನೇ ನೋಡ್ತಿದ್ವಿ. 95, 104, 112.

"ಗೊತ್ತಿತ್ತು ಅನ್ಸುತ್ತೆ" ಅಂದೆ.

"ಇಲ್ಲ ಮೇಡಂ! ದೇವ್ರಾಣೆಗೂ ಗೊತ್ತಿರ್ಲಿಲ್ಲ!" ಕಣ್ಣಲ್ಲಿ ನೀರು ಬಂತು.

"ನಾನು ನಂಬ್ತೀನಿ. ಇದು ನಂಬ್ತಿಲ್ಲ ನೋಡು."

ಬೆರಳಿಂದ ಅದನ್ನ ತೆಗೆದು ಮೇಜಿನ ಮೇಲಿಟ್ಲು. ಸುಮಾರು ಹೊತ್ತು ಮಾತಿಲ್ಲ. ಆಮೇಲೆ ಸಣ್ಣ ದನೀಲಿ ಕೇಳಿದ್ಲು, "ಹಾಗಾದ್ರೆ ಅಪ್ಪನ ಕೈ?"

ಗೊತ್ತಿಲ್ಲ ಅಂದೆ. ನಿಜವಾಗ್ಲೂ ನಂಗೆ ಗೊತ್ತಿರ್ಲಿಲ್ಲ. ಇನ್ನೂ ಸಾಲ ಇದ್ರೂ ಇರಬಹುದು, ಕೈ ನೋಡಿ ತಿಳ್ಕೊಳ್ಳೋಕಾಗಲ್ಲ, ಒಬ್ರ ಹೆಸರಲ್ಲಿ ಯಾವ್ಯಾವ ಸಾಲ ಇದೆ ಅಂತ ತೋರ್ಸೋ ಸಿಬಿಲ್ ರಿಪೋರ್ಟ್ ವರ್ಷಕ್ಕೊಂದು ಸಲ ಪುಕ್ಕಟೆ ಸಿಗುತ್ತೆ, ಅಪ್ಪನ್ನ ಪಕ್ಕದಲ್ಲಿ ಕೂರಿಸ್ಕೊಂಡು ಅವರ ಫೋನಲ್ಲೇ ತೆಗ್ಸು, ಕದ್ದು ಬೀರು ತೆಗೀಬೇಡ, ಅಂದೆ.

ಇದನ್ನ ನನ್ನ ಜೊತೆ ಕೆಲಸ ಮಾಡೋ ಒಬ್ರಿಗೆ ಹೇಳಿದ್ದಕ್ಕೆ ಅವ್ರು ಬೈದ್ರು, ಕೌನ್ಸೆಲಿಂಗಲ್ಲಿ ಯಾರಾದ್ರೂ ಇಂಥ ಆಟ ಆಡ್ತಾರಾ, ಆ ಮಗೂನ ನೀವೇ ಆರೋಪಿ ಥರ ಕೂರಿಸಿದ್ರಲ್ಲ ಅಂತ. ಅದು ನಿಜವೇ, ಕೇಳಿದ್ಮೇಲೆ ಒಂದು ವಾರ ನಂಗೆ ಸರಿಯಾಗಿ ನಿದ್ದೆ ಬರ್ಲಿಲ್ಲ. ಆದ್ರೂ ನನ್ನ ವಾದ ಏನಂದ್ರೆ, ನಾನು ಬಾಯಲ್ಲಿ ಹತ್ತು ಸಲ ಹೇಳಿದ್ರೂ ಅವಳು ನನ್ನ ಮೂಗೇ ನೋಡ್ತಿದ್ಲು. ಸುಳ್ಳು ಪತ್ತೆ ಯಂತ್ರ ಅಂತಾರಲ್ಲ, ಆ ಪಾಲಿಗ್ರಾಫ್ ಅಂದ್ರೂ ಇಷ್ಟೇ ತಾನೇ, ಉಸಿರು, ನಾಡಿ, ಬಿಪಿ, ಬೆರಳಿನ ಬೆವರು ಅಳೆಯುತ್ತೆ, ಹೆದರಿಕೆ ಆದ್ರೂ ಏರುತ್ತೆ, ಅವಮಾನ ಆದ್ರೂ ಏರುತ್ತೆ, ಸುಳ್ಳಿಗೆ ಅಂತ ಬೇರೆ ಗೆರೆ ಅದರಲ್ಲಿ ಇಲ್ಲ. 2006ರಲ್ಲಿ ಬಾಂಡ್ ಮತ್ತು ಡಿಪೌಲೊ ಅನ್ನೋ ಸಂಶೋಧಕರು 24 ಸಾವಿರಕ್ಕಿಂತ ಹೆಚ್ಚು ಜನರ ತೀರ್ಪುಗಳನ್ನ ಒಟ್ಟು ಹಾಕಿ ನೋಡಿದ್ರು, ಬರೀ ನೋಡಿ ಕೇಳಿ ಸುಳ್ಳೋ ನಿಜವೋ ಹೇಳಿ ಅಂದ್ರೆ ನೂರಕ್ಕೆ 54 ಸಲ ಸರಿ. ನಾಣ್ಯ ಚಿಮ್ಮಿದ್ರೂ 50 ಬರುತ್ತೆ.

ಇದನ್ನ ಕರ್ನಾಟಕದೋರಿಗೆ ಬಿಡಿಸಿ ಹೇಳ್ಬೇಕಾ ಅನ್ಸುತ್ತೆ ಒಂದೊಂದ್ಸಲ. ಔಷಧಿ ಕೊಟ್ಟು ಮಂಪರಲ್ಲಿ ಮಾತಾಡ್ಸೋ ನಾರ್ಕೋ ಟೆಸ್ಟ್ ಅಂದ್ರೆ ಬೆಂಗಳೂರು ಅನ್ನೋ ಕಾಲ ಇತ್ತು, ತೆಲಗಿ ಛಾಪಾ ಕಾಗದ ಹಗರಣದಲ್ಲಿ ಆ ಟೆಸ್ಟಿನ ವಿಡಿಯೋ ಟಿವಿಲೇ ಬಂತು, ನಾವೆಲ್ಲ ಬಾಯಿ ಬಿಟ್ಕೊಂಡು ನೋಡಿದ್ವಿ. 2010ರ ಮೇ 5ಕ್ಕೆ ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ಕೇಸಲ್ಲಿ ಸುಪ್ರೀಂ ಕೋರ್ಟು ಒಪ್ಪಿಗೆ ಇಲ್ದೆ ನಾರ್ಕೋ, ಪಾಲಿಗ್ರಾಫ್, ಮಿದುಳಿನ ಅಲೆ ಅಳೆಯೋ ಬ್ರೈನ್ ಮ್ಯಾಪಿಂಗ್ ಯಾವ್ದೂ ಮಾಡೋ ಹಾಗಿಲ್ಲ ಅಂತು. ಒಪ್ಪಿ ಮಾಡಿಸ್ಕೊಂಡ್ರೂ ಆ ರಿಸಲ್ಟೇ ಸಾಕ್ಷಿ ಆಗಲ್ಲ, ಅದರಿಂದ ಏನಾದ್ರೂ ವಸ್ತು, ಮಾಹಿತಿ ಸಿಕ್ರೆ ಅದನ್ನ ಕಾನೂನು ಪ್ರಕಾರ ಪರಿಗಣಿಸಬಹುದು ಅಷ್ಟೇ. ಇದನ್ನ ಹೇಳಿದಾಗ ಹುಡುಗಿ "ಅಂದ್ರೆ ಸಿಬಿಲ್ ರಿಪೋರ್ಟು" ಅಂದ್ಲು. ಚುರುಕು ಹುಡುಗಿ.

ಓದಿನ ವಿಷಯಕ್ಕೆ ಬಂದ್ರೆ, ಡಿಪ್ಲೊಮಾ ಬಿಡು ಅಂದೆ. ಮೊದ್ಲು ಸೈಕಾಲಜಿಲಿ ಎಂ.ಎ. ಅಥವಾ ಎಂ.ಎಸ್ಸಿ. ಮುಗಿಸು, ಆಮೇಲೆ ಭಾರತೀಯ ಪುನರ್ವಸತಿ ಮಂಡಳಿಯ, ಅಂದ್ರೆ ಆರ್‌ಸಿಐ ಮಾನ್ಯತೆ ಇರೋ ಕ್ಲಿನಿಕಲ್ ಟ್ರೈನಿಂಗ್ ನೋಡು, ನಿಮ್ಹಾನ್ಸಂಥ ಕಡೆ ಸೀಟು ಕಮ್ಮಿ, ಒಂದೇ ಏಟಿಗೆ ಸಿಗ್ಲಿಲ್ಲ ಅಂತ ಅಳ್ಬೇಡ. ಆ ಕೋರ್ಸುಗಳ ಹೆಸರು, ರಚನೆ ಈಗ ಬದಲಾಗ್ತಿದೆ, ದುಡ್ಡು ಕಟ್ಟೋ ಮುಂಚೆ ಆರ್‌ಸಿಐ ಪಟ್ಟೀಲಿ ಆ ಸಂಸ್ಥೆ ಹೆಸರು ಇದ್ಯಾ ನೋಡು. 2024ರ ಜುಲೈಯಿಂದ ಹೊಸ ಕಾನೂನಲ್ಲಿ ಏಳು ವರ್ಷ ಅಥವಾ ಜಾಸ್ತಿ ಶಿಕ್ಷೆ ಇರೋ ಕೇಸಿಗೆ ಫೋರೆನ್ಸಿಕ್ ತಜ್ಞರು ಸ್ಥಳಕ್ಕೆ ಹೋಗ್ಬೇಕು ಅಂತ ಇದೆ, ಧಾರವಾಡಕ್ಕೆ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ಸೂ ಬಂದಿದೆ, ಹಾಗಂತ ಅಲ್ಲಿಂದ ಬರೋ ಕೆಲಸವೆಲ್ಲ ನಿಂಗಲ್ಲ, ಅದು ಬಹಳಷ್ಟು ಕೆಮಿಸ್ಟ್ರಿ, ಬಯಾಲಜಿ ಹುಡುಗ್ರದ್ದು.

ಮತ್ತೆ ಆ ಕೆಲಸ ಅಂದ್ರೆ ಸುಳ್ಳು ಹಿಡಿಯೋದಲ್ಲ. ಆರೋಪಿಗೆ ಕೋರ್ಟಲ್ಲಿ ಏನು ನಡೀತಿದೆ ಅಂತ ತಿಳಿಯೋ ಸ್ಥಿತಿ ಇದ್ಯಾ ಅಂತ ರಿಪೋರ್ಟ್ ಬರೆಯೋದು, ಬರೆದಿದ್ದಕ್ಕೆ ಲಾಯರ್ ಕೈಲಿ ಪಾಟೀಸವಾಲು ಎದುರಿಸೋದು, ಜೈಲಲ್ಲಿ ನಿದ್ದೆಯಿಲ್ದೆ ಒದ್ದಾಡೋನ ಪಕ್ಕ ಕೂರೋದು. ಪೋಕ್ಸೋ ಕೇಸಲ್ಲಿ ಮಗೂಗೆ "ಮಾಮ ಇಲ್ಲಿ ಮುಟ್ಟಿದ್ನಾ" ಅಂತ ಕೇಳಿದ್ರೆ ಕೆಟ್ಟಿತು, "ಆಮೇಲೆ ಏನಾಯ್ತು" ಅಂತ ಕೇಳಿ ಸುಮ್ನೆ ಕಾಯ್ಬೇಕು, ಹತ್ತು ನಿಮಿಷ ಆದ್ರೂ. ನಿಂಗೆ ಅಷ್ಟು ಕಾಯೋಕಾಗುತ್ತಾ ಅಂದೆ. ಉತ್ತರ ಹೇಳ್ಲಿಲ್ಲ.

ನಾಲ್ಕು ತಿಂಗಳ ಮೇಲೆ ಫೋನ್ ಮಾಡಿದ್ಲು. ಎಂ.ಎಸ್ಸಿ. ಎಂಟ್ರೆನ್ಸಿಗೆ ಓದ್ತಿದಾಳೆ. ಅಪ್ಪ ಜೊತೆಗೆ ಕೂತು ಸಿಬಿಲ್ ತೆಗ್ಸಿದ್ರಂತೆ, ಅದರಲ್ಲಿ ಒಂದು ಗೋಲ್ಡ್ ಲೋನ್ ಇತ್ತು, 70 ಸಾವಿರ, ಯಾರಿಗೂ ಹೇಳಿರ್ಲಿಲ್ಲ.

"ನಾನು ಹೇಳಿದ್ದೇ ನಿಜ ಆಯ್ತಲ್ಲ ಮೇಡಂ" ಅಂದ್ಲು. ಏನು ಹೇಳ್ಬೇಕು ಅಂತ ನಂಗೆ ತೋಚಲಿಲ್ಲ. ಅವಳೇ ಮುಂದುವರ್ಸಿದ್ಲು, ಆ ಸಾಲ ಎಲ್ಲರೂ ಸೇರಿ ತೀರಿಸಿ, ಒಡವೆ ಬಿಡಿಸ್ಕೊಂಡು ಬಂದ್ಮೇಲೂ ಕೈ ನಡುಗೋದು ನಿಂತಿಲ್ಲ, ಡಾಕ್ಟ್ರ ಹತ್ರ ಕರ್ಕೊಂಡೋದ್ರೆ ಥೈರಾಯ್ಡ್ ಜಾಸ್ತಿ ಇದೆ ಅಂದ್ರಂತೆ.

"ಮಾತ್ರೆ ತಗೊಳ್ತಿದಾರೆ, ಇನ್ನೂ ಸ್ವಲ್ಪ ನಡುಗುತ್ತೆ. ನಾನೀಗ ಲೋಟಕ್ಕೆ ಅರ್ಧನೇ ಕಾಫಿ ಹಾಕಿ ಕೊಡ್ತೀನಿ ಮೇಡಂ."